ಸೇವಂತಿ ಮುದುಡಿದ ಮಳೆಗಾಲ

ಜೂನ್ 9, ಸೋಮವಾರ

ಬೆಳಿಗ್ಗೆ ಮೀನಿನ ಟ್ಯಾಂಕಿನ ನೀರಿನ ಉಪ್ಪಿನಂಶ 35. ಉಷ್ಣತೆ 26. ಅಮೋನಿಯಾ ಸೊನ್ನೆ. ಸಪನಾಳ ಬಿ.ಪಿ. 110–70, ಹಿಮೋಗ್ಲೋಬಿನ್ 10.4. ಎರಡೂ ಕಡೆ ಸರಿಯಾಗಿದೆ.

ಬರೆದಿಟ್ಟರೆ ತಲೆ ಹಗುರಾದೀತು ಎಂದುಕೊಂಡು, ಮಗ್ಗದ ಮಾಲೀಕರು ಹೊಸ ವರ್ಷಕ್ಕೆ ಕೊಟ್ಟ ಡೈರಿ ತೆಗೆದಿದ್ದೇನೆ. ಇಷ್ಟು ದಿನ ಅದರ ಮೇಲೆ ಅವ್ವ ಚಹಾದ ಪಾತ್ರೆ ಇಡುತ್ತಿದ್ದಳು.

ಹೆಂಡತಿ ಸಪನಾ ತವರಿಗೆ, ನೇಸರಿಗೆ ಹೋಗಿದ್ದಾಳೆ. ಐದು ತಿಂಗಳು ತುಂಬಿವೆ. ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು ಎಂದರು ಗಡಹಿಂಗ್ಲಜದ ಡಾಕ್ಟರು. ಶಹಾಪುರದ ನಮ್ಮ ಮನೆಯೋ ಮಗ್ಗದ ಶೆಡ್ಡಿನ ಹಿಂದೆ, ಮಹಡಿಯ ಮೇಲೆ. ಮೆಟ್ಟಿಲು ಎಂದರೆ ಏಣಿಯೇ. ಮೊದಲೆರಡು ಸಲ ಕೂಸು ನಿಲ್ಲಲಿಲ್ಲ. ಒಂದು ಮೂರನೇ ತಿಂಗಳಿಗೆ ಹೋಯಿತು, ಇನ್ನೊಂದು ಐದಕ್ಕೆ. ಈ ಸಲವಾದರೂ ಎಂದು ಶುರು ಮಾಡಿದರೆ ಮುಂದೆ ಬರೆಯಲು ಕೈ ಏಳುತ್ತಿಲ್ಲ.

ಸಮುದ್ರದ ಮೀನಿನ ಈ ಟ್ಯಾಂಕು ಜಿನಗೊಂಡ ಮಾಲೀಕರದು. ಅವರ ಮಗನಿಗೆ ಹುಚ್ಚು ಹಿಡಿದಾಗ ತಂದದ್ದು, ಹುಚ್ಚು ಬಿಟ್ಟ ಮೇಲೆ ಪಂಪು ಕೆಟ್ಟಾಗಲೆಲ್ಲ ನನ್ನನ್ನೇ ಕರೆಯುತ್ತಿದ್ದರು. ಎರಡನೆಯದು ಹೋದ ಮೇಲೆ ಸಪನಾ ಗೋಡೆ ನೋಡುತ್ತಾ ಕೂರುತ್ತಾಳೆ ಎಂದು ತಿಳಿದು, "ಒಯ್ಯೋ ಸಾಗರ, ಗ್ವಾಡಿಗಿಂತ ಮೀನ ನೋಡೂದು ಚಲೋ" ಎಂದು ಕೊಟ್ಟುಬಿಟ್ಟರು. ಎರಡು ಕಿತ್ತಳೆ ಬಣ್ಣದ ಪಟ್ಟೆ ಮೀನು, ಒಂದು ಕೆಂಪು ಸೀಗಡಿ, ಗಾಜಿಗಂಟಿ ಪಾಚಿ ತಿನ್ನುವ ಬಸವನಹುಳುಗಳು, ಮತ್ತೆ ಕಲ್ಲಿಗಂಟಿಕೊಂಡು ಹೂವಿನ ಹಾಗೆ ಅರಳಿ ಮುಚ್ಚುವ ಒಂದು ಪ್ರಾಣಿ. ಅಂಗಡಿಯವರ ಬಾಯಲ್ಲಿ ಅದು ಅನೆಮೋನೆ, ಸಪನಾಳ ಬಾಯಲ್ಲಿ ಸೇವಂತಿ. ಪಟ್ಟೆ ಮೀನುಗಳು ಅದರ ಮಡಿಲಲ್ಲೇ ಮಲಗುತ್ತವೆ.

ಹೋಗುವಾಗ ಅವಳು ಅಂದದ್ದು ಒಂದೇ ಮಾತು. "ದಿನಾ ಅದರ ಮುಂದ ಒಂದೀಟ ಕುಂದರ್ರಿ. ಬರೇ ಅಳಿಯೂದು ಬ್ಯಾಡ."

ಅಳೆಯದೆ ಕೂತರೆ ಏನು ತಿಳಿಯುತ್ತದೆ? ನಾನು ಜಾಬರ. ನಿಂತ ಮಗ್ಗ ಓಡಿಸುವುದೇ ನನ್ನ ಕೆಲಸ. ಮಗ್ಗ ಸುಮ್ಮನೆ ನಿಲ್ಲುವುದಿಲ್ಲ, ಕಾರಣ ಇದ್ದೇ ಇರುತ್ತದೆ.

ಜೂನ್ 13, ಶುಕ್ರವಾರ

ಸಂಜೆ ನೇಸರಿಗೆ ಫೋನು.

"ಬಿ.ಪಿ. ಎಷ್ಟು?"

"ನೂರಾ ಹತ್ತು, ಎಪ್ಪತ್ತು."

"ತೂಕ?"

"ಐವತ್ತೈದ್ರಿ."

"ಗುಳಿಗಿ?"

"ತಗೊಂಡೇನ್ರಿ."

"ಊಟ?"

"ಆತ್ರಿ."

ಮತ್ತೇನು ಎಂದೆ. ಏನೂ ಇಲ್ಲ ಎಂದು ಇಟ್ಟಳು. ಲಗ್ನವಾದ ಹೊಸದರಲ್ಲಿ ಈ ಹುಡುಗಿ ಫೋನು ಹಿಡಿದರೆ ಒಲೆಯ ಮೇಲಿನ ಬೇಳೆ ಸೀಯುತ್ತಿತ್ತು. ಈಗ ಲಾಯರು ಕಲಿಸಿಕೊಟ್ಟ ಸಾಕ್ಷಿಯ ಹಾಗೆ ಕೇಳಿದಷ್ಟಕ್ಕೇ ಉತ್ತರ.

ಎರಡನೆಯದು ಹೋದಂದಿನಿಂದ ಹೀಗೆ. ಅವತ್ತು ಆಸ್ಪತ್ರೆಯಲ್ಲಿ ನಾನು ಕೇಳಿದ್ದು ಇಷ್ಟೇ: ಏನು ತಿಂದಿದ್ದಿ, ಏನು ಎತ್ತಿದ್ದಿ, ಯಾವ ಬಸ್ಸಿಗೆ ಹತ್ತಿದ್ದಿ. ಕಾರಣ ಗೊತ್ತಾದರೆ ತಾನೇ ಮುಂದಿನ ಸಲ ಜಾಗ್ರತೆ ಮಾಡುವುದು? ಇಂಥದ್ದಕ್ಕೆ ಕೆಲವು ಸಲ ಕಾರಣ ಸಿಗುವುದಿಲ್ಲ ಎಂದರು ಡಾಕ್ಟರು. ನಿಂತ ಮಗ್ಗದ ಮುಂದೆ ನಾನು ಹಾಗಂದರೆ ಜಿನಗೊಂಡ ಮಾಲೀಕರು ಅದೇ ದಿನ ತಿರುಪು ಬಿಚ್ಚುವ ನನ್ನ ಪಾನಾ ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ.

ಉಪ್ಪಿನಂಶ 35. ಅಮೋನಿಯಾ ಸೊನ್ನೆ.

ಜೂನ್ 18, ಬುಧವಾರ

ಒಂದು ಬಸವನಹುಳು ಗಾಜಿನಿಂದ ಕಳಚಿ ಮರಳಿಗೆ ಬಿದ್ದಿದೆ. ಸೇವಂತಿ ಎರಡು ದಿನದಿಂದ ಪೂರ್ತಿ ಅರಳುತ್ತಿಲ್ಲ. ಎಲ್ಲ ಪರೀಕ್ಷೆ ಮಾಡಿದೆ. ಪಿಎಚ್ ಸರಿ, ಅಮೋನಿಯಾ ಇಲ್ಲ, ಉಪ್ಪು ಸರಿ.

ಉಪ್ಪು ನೋಡುವ ಕೊಳವೆಗೆ ಕಣ್ಣಿಟ್ಟು ನಿಂತಿದ್ದೆ. ಅದು ಅವ್ವನ ಬಾಯಲ್ಲಿ ದುರ್ಬೀನು.

"ಏನ್ ಕಾಣತೈತೋ ಅದರಾಗ? ಮುಂಬೈ?"

"ಉಪ್ಪು."

"ನಾಲಿಗಿಗೆ ಹಚ್ಚಿದ್ರ ಗೊತ್ತಾಕ್ಕಿತ್ತಪಾ. ಅದಕ್ಯಾಕ ದುರ್ಬೀನ?"

ನಗಬೇಕಿತ್ತು, ನಗು ಬರಲಿಲ್ಲ. ಏಳು ಗಂಟೆಗೆ ನನ್ನ ಪಾಳಿ ಶುರು. ಆರಿದಷ್ಟು ನೀರನ್ನು ಬೆಳಿಗ್ಗೆ ಗಾಜಿನ ಮೇಲಿನ ಗೆರೆಯ ತನಕ ತುಂಬುವುದು ಮೊದಲು ಸಪನಾಳ ಕೆಲಸ, ಈಗ ಅವ್ವನದು. ಸಮುದ್ರದ ಮೀನಿಗೆ ಸಪ್ಪೆ ನೀರು ಯಾಕೆ ಎಂದು ಮೊದಲ ದಿನವೇ ತಕರಾರು ತೆಗೆದಿದ್ದಳು. ಸಾರು ಕುದ್ದು ಇಂಗಿದರೆ ಉಪ್ಪಾಗುತ್ತದಲ್ಲ, ನೀರು ಆರುತ್ತದೆ, ಉಪ್ಪು ಆರುವುದಿಲ್ಲ, ಅದಕ್ಕೆ ಸಪ್ಪೆ ನೀರೇ ಸೇರಿಸಬೇಕು ಎಂದು ತಿಳಿಸಿ ಹೇಳಿದ್ದೆ. ನಳದ ನೀರು ಮುಟ್ಟಬೇಡ, ಫಿಲ್ಟರಿನ ಶುದ್ಧ ನೀರು ಈ ಪ್ಲಾಸ್ಟಿಕ್ ಕ್ಯಾನಿನಲ್ಲಿದೆ, ಇದನ್ನೇ ಹಾಕು ಎಂದೂ ಹೇಳಿದ್ದೆ. ಇವತ್ತು ಮತ್ತೆ ಕೇಳಿದೆ.

"ನೀ ಹೇಳಿದ ನೀರಽ ಹಾಕತೇನಿ. ನನಗೇನ್ ಅಷ್ಟೂ ತಿಳಿಯಂಗಿಲ್ಲೇನು?"

ಜೂನ್ 20, ಶುಕ್ರವಾರ

ಇನ್ನೊಂದು ಬಸವನಹುಳು.

ಜೂನ್ 24, ಮಂಗಳವಾರ

ಕೆಂಪು ಸೀಗಡಿ ಸತ್ತಿದೆ. ಕಲ್ಲಿನ ಸಂದಿಯಲ್ಲಿ ಅಡ್ಡ ಬಿದ್ದಿತ್ತು.

ಪರೀಕ್ಷೆಯ ಔಷಧಿಯೇ ಹಳತಾಗಿ ಸುಳ್ಳು ಹೇಳುತ್ತಿರಬೇಕೆಂದು ಅರ್ಧ ಪಾಳಿಗೆ ರಜೆ ಹಾಕಿ, ಬಾಟಲಿಯಲ್ಲಿ ನೀರು ತುಂಬಿಕೊಂಡು ಕೊಲ್ಹಾಪುರಕ್ಕೆ ಹೋದೆ. ಅಲ್ಲಿ ನಿಲೇಶ ಎಂಬವನದು ಮೀನಿನ ಅಂಗಡಿ. ಬಸ್ಸಿನಲ್ಲಿ ಪಕ್ಕದವನು ಬಾಟಲಿ ನೋಡಿ ತೀರ್ಥವೇ ಎಂದು ಮರಾಠಿಯಲ್ಲಿ ಕೇಳಿದ. ಹೌದು ಎಂದುಬಿಟ್ಟೆ. ಕೈ ಒಡ್ಡಿದ. ದೇವರ ದಯೆ, ಅಷ್ಟರಲ್ಲಿ ಅವನ ಸ್ಟಾಪು ಬಂತು.

ನಿಲೇಶ ತನ್ನ ಔಷಧಿಯಲ್ಲಿ ನೋಡಿದ. ಎಲ್ಲ ಸರಿ. "ನೀರು ಚೆನ್ನಾಗಿದೆ, ನೀನೇ ಸ್ವಲ್ಪ ಕೆಟ್ಟಿದ್ದೀ" ಎಂದ. ನಿದ್ದೆ ಮಾಡು ಎಂದ. ಮೀನಿನ ಡಾಕ್ಟರಿಗೆ ಮನುಷ್ಯರ ಉಸಾಬರಿ ಯಾಕೆ?

ಎಲ್ಲ ಸರಿ ಎಂದಾದರೆ ಸಾಯುವುದು ಯಾಕೆ? ಈ ಪ್ರಶ್ನೆ ಕಿವಿಯಲ್ಲಿ ಸೊಳ್ಳೆ ಹೊಕ್ಕ ಹಾಗೆ ಇಡೀ ದಿನ ಗುಂಯ್ ಎನ್ನುತ್ತಿದೆ. ಮಧ್ಯಾಹ್ನದ ಮೇಲೆ ಶೆಡ್ಡಿನಲ್ಲಿ ನೇಕಾರ ತಾನಾಜಿಯ ಮಗ್ಗ ನಿಂತಿತು. ಎರಡು ನಿಮಿಷದಲ್ಲಿ ಓಡಿಸಿದೆ, ಆಮೇಲೆ ಅವನಿಗೆ ಹತ್ತು ನಿಮಿಷ ಬೈದೆ. ಯಾಕೆ ಬೈದೆನೋ ನನಗೇ ನೆನಪಿಲ್ಲ.

ಜೂನ್ 27, ಶುಕ್ರವಾರ

ಮಳೆ. ಹಗಲೆಲ್ಲ ಲೈಟು ಬಂದು ಹೋಗಿ ಮಾಡುತ್ತಿದೆ. ಬ್ಯಾಟರಿಯ ಪಂಪು ಹಚ್ಚಿ ಟ್ಯಾಂಕಿಗೆ ಗಾಳಿ ಕೊಟ್ಟೆ. ದಿನಕ್ಕೆರಡು ಸಲ ಮಾಡುತ್ತಿದ್ದ ಪರೀಕ್ಷೆ ಈಗ ನಾಲ್ಕು ಸಲ.

ಸಪನಾಳ ತಮ್ಮ ವಿಕಾಸ ಫೋನು ಮಾಡಿದ್ದ. "ಭಾವಾ, ಅಕ್ಕ ಊಟ ಬರೋಬ್ಬರಿ ಮಾಡವಲ್ಲಳು. ಒಂದ ಸಲ ಬಂದ ಹೋಗ್ರಿ."

"ಬಿ.ಪಿ. ಹೆಚ್ಚಾಗೇತೇನು?"

"ಬಿ.ಪಿ. ಸರಿ ಐತ್ರಿ. ಆಕಿ ಸರಿ ಇಲ್ಲ."

ಇದೆಂಥ ಮಾತು? ಬಿ.ಪಿ. ಸರಿ, ಹಿಮೋಗ್ಲೋಬಿನ್ ಹತ್ತೂವರೆಗೆ ಏರಿದೆ, ಸೋನೋಗ್ರಾಫಿ ಸರಿ. ಟ್ಯಾಂಕು ಈ ಸ್ಥಿತಿಯಲ್ಲಿರುವಾಗ ಬಿಟ್ಟು ಬರಲಾಗದು ಎಂದೆ. ಸತ್ತವುಗಳ ಸುದ್ದಿ ಅವಳಿಗೆ ತಿಳಿಸಬೇಡ ಎಂದೂ ಹೇಳಿದೆ. ಅವನು "ಆತ್ರಿ, ನಿಮ್ಮ ಮೀನ ಸಂಭಾಳಸ್ರಿ" ಎಂದ. ಚಿಕ್ಕವನಿಗೆ ಇಷ್ಟು ಕೊಂಕು ಇರಬಾರದು.

ಹೋಗಬಾರದೆಂದಲ್ಲ. ಹೋದರೆ ಅವಳ ಎದುರು ಕೂರಬೇಕು. ಫೋನಿನಲ್ಲಾದರೆ ಕೇಳಲು ಬಿ.ಪಿ., ತೂಕ ಇವೆ. ಎದುರು ಕೂತು ಏನು ಕೇಳಲಿ?

ಜುಲೈ 1, ಮಂಗಳವಾರ

ನಿಲೇಶ ತಾನಾಗಿಯೇ ಫೋನು ಮಾಡಿದ. ರಾತ್ರಿ ಯೋಚಿಸಿದನಂತೆ. "ತಾಂಬಂ ಆಹೆ ಕಾ ಕುಠಂ?" ಎಂದ. ತಾಮ್ರ ಎಲ್ಲಾದರೂ ಇದೆಯೇ? ಮೀನು ಬದುಕಿ ಹುಳು, ಸೀಗಡಿ, ಹೂವಿನಂಥವು ಮಾತ್ರ ಸತ್ತರೆ ತಾಮ್ರದ ಗುಮಾನಿ ಪಡಬೇಕಂತೆ. ಕಣ್ಣಿಗೆ ಕಾಣದಷ್ಟು ತಾಮ್ರ ನೀರಿಗೆ ಇಳಿದರೂ ಅವಕ್ಕೆ ವಿಷ. ನನ್ನ ಪೆಟ್ಟಿಗೆಯಲ್ಲಿ ತಾಮ್ರದ ಪರೀಕ್ಷೆಯೇ ಇಲ್ಲ. ಅವನ ಹತ್ತಿರವೂ ಮುಗಿದಿತ್ತು, ತರಿಸುತ್ತೇನೆ ಎಂದ.

ಪಂಪು ಬಿಚ್ಚಿದೆ. ವೈರು ನೋಡಿದೆ. ಹೀಟರು ನೋಡಿದೆ. ಫಿಲ್ಟರಿನ ಪ್ರತಿ ತಿರುಪು ಕಳಚಿ ನೋಡಿದೆ. ಎಲ್ಲ ಪ್ಲಾಸ್ಟಿಕ್, ಎಲ್ಲ ಸ್ಟೀಲು. ಮಗ್ಗದ ಎಣ್ಣೆಗೈಯಲ್ಲಿ ನೀರು ಮುಟ್ಟಿದೆನೇ ಎಂದು ನನ್ನ ಮೇಲೇ ಗುಮಾನಿ ಬಂತು. ತಾಮ್ರ ಇಲ್ಲವೇ ಇಲ್ಲ.

ಸೇವಂತಿ ಈಗ ಮುಷ್ಟಿಯಷ್ಟಾಗಿದೆ. ಮೀನುಗಳು ಮಲಗಲು ಜಾಗವಿಲ್ಲದೆ ಅದರ ಸುತ್ತ ತಿರುಗುತ್ತಿವೆ. ಅದನ್ನು ನೋಡಲಾಗಲಿಲ್ಲ, ಎದ್ದು ಬಂದೆ.

ಜುಲೈ 3, ಗುರುವಾರ

ಸಿಕ್ಕಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗಾಯಿತು. ಬೆಳಿಗ್ಗೆ ಪಾಳಿಗೆ ಹೊರಟವನು ಊಟದ ಡಬ್ಬಿ ಮರೆತು ಅರ್ಧ ಮೆಟ್ಟಿಲಿನಿಂದ ವಾಪಸು ಬಂದೆ. ಅವ್ವ ನೀರಿನ ಮೂಲೆಯಲ್ಲಿ ಕೂತು ತನ್ನ ತಾಮ್ರದ ಹಂಡೆಯಿಂದ ತಂಬಿಗೆ ತಂಬಿಗೆ ನೀರನ್ನು ನನ್ನ ಕ್ಯಾನಿಗೆ ತುಂಬುತ್ತಿದ್ದಳು.

ಸಪನಾ ಹೋದಂದಿನಿಂದ ನಡೆದಿದೆಯಂತೆ. ಸಂಜೆ ನನ್ನ ಶುದ್ಧ ನೀರನ್ನು ಕ್ಯಾನಿನಿಂದ ಹಂಡೆಗೆ ಸುರಿಯುವುದು, ರಾತ್ರಿಯಿಡೀ ತಾಮ್ರದಲ್ಲಿ ಇಡುವುದು, ಬೆಳಿಗ್ಗೆ ಮತ್ತೆ ಕ್ಯಾನಿಗೆ. ಹಂಡೆಯನ್ನು ವಾರಕ್ಕೊಮ್ಮೆ ಹುಣಸೆಹಣ್ಣಿನಿಂದ ಥಳಥಳ ತಿಕ್ಕುತ್ತಾಳೆ ಬೇರೆ. ಅವಳೂ ಅವಳ ಅವ್ವನೂ ಹುಟ್ಟಿದಂದಿನಿಂದ ಕುಡಿದದ್ದು ತಾಮ್ರದ ಹಂಡೆಯ ನೀರೇ.

"ಪ್ಲಾಸ್ಟಿಕ್ಕಿನ್ಯಾಗ ಕೊಳತ ನೀರ ಯಾಕ ಕುಡಸೂದು ಅಂದ್ನಿ," ಎಂದಳು. "ಆಕಿ ಎರಡ ಜೀವದಾಕಿ. ಮರಳಿ ಬಂದಾಗ ಆಕಿ ಮೀನ ಚಂದ ಇರಲಿ ಅಂತ. ನೀ ಹೇಳಿದ ನೀರಽ ಐತಿ ನೋಡು, ಬ್ಯಾರೇದ ಹಾಕಿಲ್ಲ."

ನಾನು ಏನು ಅಂದೆನೋ ಇಲ್ಲಿ ಬರೆಯಬೇಕಾಗಿಲ್ಲ. ಆದರೂ ಬರೆಯುತ್ತೇನೆ. "ನೀನಽ ಕೊಂದಿ ಅವನ್ನ" ಎಂದೆ. ಎಂದಿನಿಂದ ಹಾಕಿದಿ, ಎಷ್ಟು ಹಾಕಿದಿ, ಯಾರು ಹೇಳಿದ್ದರು ನಿನಗೆ ಎಂದು ಬಾಗಿಲಲ್ಲಿ ನಿಂತು ಕೇಳಿದೆ. ಕೆಳಗೆ ಶೆಡ್ಡಿನವರಿಗೆಲ್ಲ ಕೇಳಿಸುವ ಹಾಗೆ. ಮಗ್ಗದ ಗದ್ದಲದ ಮೇಲೂ ಕೇಳಿಸಿತೆಂದರೆ ಎಷ್ಟು ಜೋರಾಗಿ ಕೂಗಿರಬೇಕು.

ಅವ್ವನ ಕೈಯಲ್ಲಿ ತಂಬಿಗೆ ಹಾಗೇ ಇತ್ತು.

ಜುಲೈ 4, ಶುಕ್ರವಾರ

ಸಂಜೆ ಕೊಲ್ಹಾಪುರಕ್ಕೆ ಹೋಗಿ, ನೀರಿನಿಂದ ತಾಮ್ರ ಹೀರುವ ಪುಡಿಯ ಚೀಲ ತಂದೆ. ಅರ್ಧ ನೀರು ಬದಲಾಯಿಸಿದೆ. ತಾಮ್ರದ ಪರೀಕ್ಷೆಯೂ ಬಂದಿತ್ತು. ಗಾಜಿನ ನಳಿಕೆಯಲ್ಲಿ ಬಣ್ಣ ತಿರುಗಿತು, ತಾಮ್ರವೇ. ಇಷ್ಟು ದಿನ ಹುಡುಕಿದ ಕಾರಣ ಕೈಯಲ್ಲಿದೆ. ನೆಮ್ಮದಿಯಾಗಬೇಕಿತ್ತು.

ಜುಲೈ 7, ಸೋಮವಾರ

ಅವ್ವ ಮಾತು ನಿಲ್ಲಿಸಿದ್ದಾಳೆ. ಸಿಟ್ಟಿಲ್ಲ, ಅಡುಗೆ ಮಾಡುತ್ತಾಳೆ, ಡಬ್ಬಿ ಕಟ್ಟುತ್ತಾಳೆ. ಟ್ಯಾಂಕಿನ ಹತ್ತಿರ ಬರುವುದಿಲ್ಲ, ಗೋಡೆ ಬದಿಯಿಂದ ಸುತ್ತು ಹಾಕಿ ಹೋಗುತ್ತಾಳೆ. ಹಂಡೆಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದ್ದಾಳೆ. ನಾನೇ ಕೇಳಿದರೆ ಅವ್ವನಿಂದ ಕೇಳಿದಷ್ಟಕ್ಕೇ ಉತ್ತರ.

"ಊಟ ಮಾಡಿದಿ?"

"ಆತು."

"ಗುಳಿಗಿ?"

"ತಗೊಂಡೆ."

"ಮತ್ತ?"

"ಏನಿಲ್ಲ."

ಮನೆಯಲ್ಲಿ ಇರಲಾಗುತ್ತಿಲ್ಲ. ಶೆಡ್ಡಿನಲ್ಲೂ ಇರಲಾಗುತ್ತಿಲ್ಲ. ಮಳೆ ನಿಂತಾಗ ಸುಮ್ಮನೆ ನದಿಯ ಕಡೆ ನಡೆದುಹೋಗಿ ಬಂದೆ. ಪಂಚಗಂಗೆ ಕೆಂಪಾಗಿ ಉಬ್ಬಿದ್ದಾಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶಾಲೆಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆದು ಹತ್ತಕ್ಕೆ ಎಂಟು ತೆಗೆದವನು ನಾನು.

ಉಪ್ಪು ನೋಡಲಿಲ್ಲ ಇವತ್ತು. ಮರೆತೆ.

ಜುಲೈ 10, ಗುರುವಾರ

ಬೆಳಿಗ್ಗೆ ಅವ್ವ ಚಹಾ ಕೊಟ್ಟು ನಿಂತಳು. "ಒಂದ ಕೇಳ್ಲೇನು?" ಎಂದಳು. ಅವ್ವ ನನ್ನಿಂದ ಅಪ್ಪಣೆ ಕೇಳುವುದೆಂದರೆ!

"ನಾ ಒಂದೀಟ ದಿನ ಚಂದಗಡಕ್ಕ ನಮ್ಮ ಮಂಗಲಕ್ಕನ ಮನಿಗೆ ಹೋಗ್ಲೇನು? ಇಲ್ಲಿದ್ರ ಮತ್ತೇನರ ಹಾಳ ಮಾಡತೇನಿ."

ಚಹಾ ಅಲ್ಲೇ ಇಟ್ಟು ಅವಳ ಕೈ ಹಿಡಿದು ಟ್ಯಾಂಕಿನ ಮುಂದೆ ಕೂರಿಸಿದೆ. ಬೇಡ ಬೇಡ ಎಂದು ಹಿಂದೆ ಜಗ್ಗಿದಳು.

"ಅವ್ವಾ, ನಿನ್ನ ತಪ್ಪಲ್ಲ," ಎಂದೆ.

"ಸತ್ತಾವಲ್ಲೋ."

"ಸತ್ತಾವು. ಆದ್ರ ನಿನ್ನ ತಪ್ಪಲ್ಲ. ನಿನಗ ಗೊತ್ತಿರಲಿಲ್ಲ. ನೀ ಚಲೋ ಆಗಲಿ ಅಂತ ಮಾಡಿದಿ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನಾವಿಬ್ಬರೂ ಮೀನು ನೋಡುತ್ತಾ ಕೂತೆವು. ಅವ್ವ ಇಷ್ಟು ದಿನ ನೀರು ತುಂಬಿದ್ದಾಳೆ, ಒಂದು ದಿನವೂ ಅದರ ಮುಂದೆ ಕೂತಿಲ್ಲವಂತೆ. ನಾನೂ ಕೂತದ್ದು ನೆನಪಿಲ್ಲ. ಸೇವಂತಿ ಇನ್ನೂ ಮುದುಡಿಯೇ ಇದೆ, ಆದರೆ ಕಲ್ಲು ಬಿಟ್ಟಿಲ್ಲ. ಒಂದು ಮೀನು ಅದರ ಪಕ್ಕದಲ್ಲಿ ರೆಕ್ಕೆ ಬಡಿಯುತ್ತಾ ನಿಂತಿತ್ತು. ಅದು ಸೇವಂತಿಗೆ ನೀರು ಬೀಸುತ್ತಿದೆ ಎಂದಳು ಅವ್ವ. ಇದ್ದೀತು.

ಆಮೇಲೆ ಅಂದಳು: "ಗೊತ್ತಿದ್ದ ಮಾಡಿದಾಕಿ ತಿರುಗಿ ಬೈತಾಳೋ ತಮ್ಮಾ. ಗೊತ್ತಿಲ್ದ ಮಾಡಿ ಬೈಸ್ಕೊಂಡಾಕಿ ಸುಮ್ನ ಕುಂದರತಾಳ. ಸಪನಾನೂ ಹಂಗಽ ಆ ಗ್ವಾಡಿ ಮುಂದ ಕುಂತಿದ್ಲು ನೋಡು."

ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಗೊತ್ತಾಗಲಿಲ್ಲ. ಪಾಳಿಗೆ ಹೊತ್ತಾಗಿತ್ತು, ಹೊರಟೆ. ಶೆಡ್ಡಿನಲ್ಲಿ ಎರಡು ಮಗ್ಗ ನಿಂತವು. ಪಾನಾ ಹಿಡಿದು ಒಂದರ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ. "ಸಾಗರಣ್ಣಾ, ಆರಾಮ ಇದ್ದೀರಿಲ್ಲೋ?" ಎಂದು ತಾನಾಜಿಯೇ ಕೇಳಿದ.

ಜುಲೈ 11, ಶುಕ್ರವಾರ

ಜಿನಗೊಂಡ ಮಾಲೀಕರಿಗೆ ಎರಡು ದಿನ ರಜೆ ಎಂದೆ. ಯಾಕೆ ಎಂದರು. ನೇಸರಿಗೆ ಎಂದೆ. ಇಷ್ಟು ದಿನ ಹೋಗಲಿಲ್ಲವೇ ಎನ್ನುವ ಹಾಗೆ ನೋಡಿದರು, ಕೇಳಲಿಲ್ಲ.

ಟ್ಯಾಂಕಿಗೆ ಯಾರು ಎಂದು ಅವ್ವ ಕೇಳಿದಳು. ನೀನೇ ಎಂದೆ. ಹೆದರಿದಳು. ಕ್ಯಾನಿನಿಂದ ನೇರ ಟ್ಯಾಂಕಿಗೆ, ಅಷ್ಟೇ, ಎಂದೆ. ಪರೀಕ್ಷೆ ಮಾಡುವುದು ಹೇಗೆ ಎಂದಳು. ಎರಡು ದಿನ ಪರೀಕ್ಷೆ ಬೇಡ ಎಂದೆ.

ಜುಲೈ 12, ಶನಿವಾರ. ನೇಸರಿ

ಗಡಹಿಂಗ್ಲಜದಲ್ಲಿ ಬಸ್ಸು ಬದಲಾಯಿಸಿ ಮಧ್ಯಾಹ್ನ ಮುಟ್ಟಿದೆ. ಮಾವ ಧೋಂಡಿಬಾ ಅಂಗಳದಲ್ಲಿ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದರು. ನನ್ನನ್ನು ಕಂಡು ಒಳಗೆ ಕೈ ತೋರಿಸಿದರು. ವಿಕಾಸ ನೀರು ತಂದುಕೊಟ್ಟ. ಕೊಂಕು ಆಡಲಿಲ್ಲ.

ಸಪನಾ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಹೊಟ್ಟೆ ಇಷ್ಟು ದೊಡ್ಡದಾಗಿದೆ ಎಂದು ಯಾವ ಅಂಕಿಯೂ ನನಗೆ ಹೇಳಿರಲಿಲ್ಲ. ಮುಖ ಮಾತ್ರ ಇಳಿದಿದೆ. ನಾನು ಕೂರುವ ಮೊದಲೇ ಡಾಕ್ಟರರ ಕಾಗದಗಳ ಚೀಲ ತೆಗೆದು ಮುಂದಿಟ್ಟಳು.

"ನೋಡ್ರಿ. ಎಲ್ಲಾ ಬರೋಬ್ಬರಿ ಐತಿ. ಗುಳಿಗಿ ಒಂದೂ ತಪ್ಪಿಸಿಲ್ಲ. ಭಾರ ಎತ್ತಿಲ್ಲ. ಎಲ್ಲೂ ಹೋಗಿಲ್ಲ."

ಚೀಲ ಪಕ್ಕಕ್ಕೆ ಸರಿಸಿದೆ. ಕೇಳಲು ಏನೂ ತೋಚಲಿಲ್ಲ, ಅದಕ್ಕೆ ಟ್ಯಾಂಕಿನ ಕಥೆ ಹೇಳಿದೆ. ಬಸವನಹುಳು, ಸೀಗಡಿ, ಹಂಡೆ, ಎಲ್ಲ. ಮುಚ್ಚಿಟ್ಟದ್ದನ್ನೆಲ್ಲ ಹೇಳಿದೆ. ಸೀಗಡಿ ಸತ್ತದ್ದಕ್ಕೆ ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ.

"ಅತ್ತಿಯವರಿಗೆ ಬೈದ್ರೇನು?"

"ಬೈದೆ."

"ಭಾಳ?"

"ಭಾಳ."

"ಅತ್ತಿ ಏನಂದ್ರು?"

"ಏನೂ ಅನ್ನಲಿಲ್ಲ. ಮಾತಽ ಬಿಟ್ಲು."

ಸಪನಾ ತಲೆಯಾಡಿಸಿದಳು, ಗೊತ್ತಿದ್ದದ್ದೇ ಎನ್ನುವ ಹಾಗೆ. "ಆಮ್ಯಾಲ?"

"ಆಮ್ಯಾಲ... ನಿನ್ನ ತಪ್ಪಲ್ಲ ಅಂದೆ."

ಅವಳು ಹೊರಗೆ ಮಳೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಇನ್ನೊಂದ ಸಲ ಹೇಳ್ರಿ," ಎಂದಳು.

"ಏನು?"

"ಅತ್ತಿಯವರಿಗೆ ಹೇಳಿದ್ದು."

"ನಿನ್ನ ತಪ್ಪಲ್ಲ."

"ಮಳಿ ಕಡೆ ನೋಡಿ ಅಲ್ರಿ. ನನ್ನ ಕಡೆ ನೋಡಿ ಹೇಳ್ರಿ."

ಅವಳ ಕಡೆ ತಿರುಗಿದೆ. "ನಿನ್ನ ತಪ್ಪಲ್ಲ, ಸಪನಾ. ಎರಡ ಸಲಾನೂ."

ಅವಳು ಅತ್ತ ರಭಸಕ್ಕೆ ಅವಳ ತಾಯಿ ಒಲೆ ಬಿಟ್ಟು ಹಿಟ್ಟುಗೈಯಲ್ಲೇ ಓಡಿ ಬಂದರು. ಮಾವ ಅಂಗಳದಿಂದ ಏನಾತು ಏನಾತು ಎಂದು ಕೂಗಿದರು. ಸಪನಾ ನನ್ನ ಅಂಗಿಯ ತೋಳು ಹಿಡಿದುಕೊಂಡು ಬಿಡಲಿಲ್ಲ.

ಯಾಕೆ ಅಳುತ್ತೀ ಎಂದು ಬಾಯಿಗೆ ಬಂದಿತ್ತು. ಕೇಳಲಿಲ್ಲ.